38 ಕಂಪ್ಯೂಟರ್‌ಗಳು, ಒಂದು ಗೋಡೆ

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ರೊಬಸ್ಟಾ ಕುಯ್ಲು ಇನ್ನೂ ಪೂರ್ತಿ ಮುಗಿದಿಲ್ಲ, ಕಣದಲ್ಲಿ ಕಾಫಿ ಹರವಿದೆ. ಆದರೂ ಇಷ್ಟು ಜನ ಬಂದಿದ್ದೀರಿ. ನಾನು 1988ರಿಂದ ಈ ಜಿಲ್ಲೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬಂದವನು. ಸೋಮವಾರಪೇಟೆ ಕಡೆಯಿಂದ ಮಡಿಕೇರಿಗೆ ಬಂದು, ಸ್ಕೂಟರಿನ ಹಿಂದೆ ಟೂಲ್ ಪೆಟ್ಟಿಗೆ ಕಟ್ಟಿಕೊಂಡು ತೋಟದ ಕಚೇರಿ, ಬ್ಯಾಂಕು, ಸಹಕಾರ ಸಂಘ, ಶಾಲೆ ಎಂದು ಸುತ್ತಿದೆ. ಎಲ್ಲಿ ಹೊಸ ಕಂಪ್ಯೂಟರ್ ಬಂದರೂ ಹಳೆಯದನ್ನು ತೋರಿಸಿ, ‘ಇದನ್ನು ನೀವೇ ತೆಗೆದುಕೊಂಡು ಹೋಗಿ’ ಎನ್ನುತ್ತಿದ್ದರು. ಬೇಡ ಎನ್ನಲು ನನಗೆ ಮನಸ್ಸು ಬರುತ್ತಿರಲಿಲ್ಲ. ಹಾಗೆ ಮೂವತ್ತು ವರ್ಷಗಳಲ್ಲಿ ನನ್ನ ಮನೆಯಲ್ಲಿ 38 ಕಂಪ್ಯೂಟರ್‌ಗಳು ಸೇರಿದವು.

ಈಗ ನಾಲ್ಕು ಉಳಿದಿವೆ. ಬರುವ ಮೇ ತಿಂಗಳಲ್ಲಿ ಮಡಿಕೇರಿಯ ಹೊರಗಿನ ನಮ್ಮ ಹೆಂಚಿನ ಮನೆಯನ್ನು ಬಿಟ್ಟು, ಮಗಳ ಮನೆಯ ಹತ್ತಿರ, ಕುಶಾಲನಗರದಲ್ಲಿ ಎರಡು ಕೋಣೆಯ ಮನೆಗೆ ಹೋಗುತ್ತಿದ್ದೇವೆ. ಮಂಡಿ ನೋವಿನಿಂದ ಗುಡ್ಡದ ಮೆಟ್ಟಿಲು ಹತ್ತಿ ಇಳಿಯುವುದು ಇಬ್ಬರಿಗೂ ಕಷ್ಟವಾಗಿದೆ. ಮನೆ ನೋಡಿ ಬಂದ ದಿನವೇ ನನ್ನ ಹೆಂಡತಿ ಹೇಳಿದಳು: ‘ಹೊಸ ಮನೆಯಲ್ಲಿ ನಿಮ್ಮ ಕಂಪ್ಯೂಟರ್‌ಗಳಿಗೆ ಒಂದು ಗೋಡೆ ಕೊಡುತ್ತೇನೆ. ಕೋಣೆ ಕೊಡುವುದಕ್ಕೆ ಆಗುವುದಿಲ್ಲ.’ ಮೂವತ್ತು ವರ್ಷ ಅವಳು ಎರಡು ಕೋಣೆ, ಜಗಲಿಯ ಅರ್ಧ ಮತ್ತು ಇಡೀ ಅಟ್ಟವನ್ನು ಬಿಟ್ಟುಕೊಟ್ಟಿದ್ದಳು. ಆ ಒಂದು ಗೋಡೆಯೂ ದೊಡ್ಡ ಕೊಡುಗೆಯೆಂದೇ ನಾನು ತಿಳಿದಿದ್ದೇನೆ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೊಡಬೇಕು ಎಂದು ತೀರ್ಮಾನಿಸಲು ನನಗೆ ಒಂದು ವರ್ಷವೇ ಹಿಡಿಯಿತು. ಮೊದಲು ಅಪರೂಪದವನ್ನು ಇಟ್ಟುಕೊಳ್ಳೋಣ ಎಂದುಕೊಂಡೆ. ಆಮೇಲೆ ಬೆಲೆ ಬಾಳುವವನ್ನು ಎಂದುಕೊಂಡೆ. ಎರಡೂ ಸರಿಹೋಗಲಿಲ್ಲ. ಕೊನೆಗೆ ಕೈಹಿಡಿದದ್ದು ನಮ್ಮ ಮಳೆಗಾಲದ ಲೆಕ್ಕ.

ಕೊಡಗಿನಲ್ಲಿ ಮುಚ್ಚಿಟ್ಟದ್ದು ಉಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ. ಕಂಪ್ಯೂಟರ್‌ಗೂ ಅದೇ ಗತಿ. ತಾಮ್ರದ ಸಂಪರ್ಕಗಳು ಹಸಿರಾಗುತ್ತವೆ, ಕೀಬೋರ್ಡಿನ ಕೆಳಗೆ ಬಿಳಿ ನೂಲು ಹಬ್ಬುತ್ತದೆ, ಆ ಕಾಲದಲ್ಲಿ ಮಾಹಿತಿ ಬರೆದಿಡುತ್ತಿದ್ದ ಫ್ಲಾಪಿ ತಟ್ಟೆಯ ಮೇಲೆ ಚುಕ್ಕೆ ಮೂಡುತ್ತದೆ, ಫ್ಲಾಪಿ ಡ್ರೈವಿನ ಹಳಿಗೆ ಹಾಕಿದ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗುತ್ತದೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಎಂದರೆ ಯಂತ್ರವನ್ನು ಆಗಾಗ ಓಡಿಸುವುದು. ಅದರ ಸ್ವಂತ ಬಿಸಿಯೇ ಅದನ್ನು ಒಣಗಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದೊಂದು ಯಂತ್ರಕ್ಕೆ ಅರ್ಧ ಗಂಟೆ. ಎತ್ತಿ ಮೇಜಿನ ಮೇಲಿಡುವುದು, ಮಾನಿಟರ್ ಜೋಡಿಸುವುದು, ಒರೆಸಿ ಹಿಂದಕ್ಕಿಡುವುದು ಸೇರಿದರೆ ಮುಕ್ಕಾಲು ಗಂಟೆ. 38 ಯಂತ್ರಗಳಿಗೆ ಇಪ್ಪತ್ತೆಂಟು ಗಂಟೆಗಿಂತ ಹೆಚ್ಚಾಯಿತು. ಅದೂ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ. ನಲವತ್ತನೆಯ ವಯಸ್ಸಿನಲ್ಲಿ ಮಾಡಿದೆ. ಕಕ್ಕಡ ಹದಿನೆಂಟರಂದು ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿದರೆ, ಅದೇ ದಿನ ನಾನು ಎಲ್ಲ ಕಂಪ್ಯೂಟರ್‌ಗಳನ್ನೂ ಒಮ್ಮೆ ಆನ್ ಮಾಡಲು ಹೊರಡುತ್ತಿದ್ದೆ. ಮುಗಿಯಲು ಮೂರು ದಿನ ಹಿಡಿಯುತ್ತಿತ್ತು. ಅರವತ್ತು ದಾಟಿದ ಮೇಲೆ ಅರ್ಧದಷ್ಟು ಯಂತ್ರಗಳನ್ನು ಮುಟ್ಟದೆಯೇ ಮಳೆಗಾಲ ಕಳೆದುಹೋಗತೊಡಗಿತು.

2018ರ ಆಗಸ್ಟ್ ನಿಮಗೆಲ್ಲ ಗೊತ್ತು. ಜೋಡುಪಾಲದಲ್ಲಿ ಮಂಗಳೂರು ರಸ್ತೆ ಕಡಿದುಹೋಯಿತು, ಮಕ್ಕಂದೂರು ಕಡೆ ಗುಡ್ಡಗಳು ಮನೆಗಳ ಮೇಲೆ ಇಳಿದವು. ನಮ್ಮ ಮನೆ ಇಳಿಜಾರಿನಲ್ಲಿದ್ದುದರಿಂದ ಬಿಟ್ಟು ಹೊರಡಲು ಹೇಳಿದರು. ಔಷಧಿ, ಕಾಗದಪತ್ರ, ಎರಡು ಜೊತೆ ಬಟ್ಟೆ ಹಿಡಿದು ಹೊರಟೆವು. ಹನ್ನೊಂದು ದಿನ ನೆಂಟರ ಮನೆಯಲ್ಲಿದ್ದೆವು. ಎಷ್ಟೋ ಜನರ ಮನೆಯೇ ಹೋಗಿದ್ದ ಆ ದಿನಗಳಲ್ಲಿ ಕಂಪ್ಯೂಟರ್‌ಗಳ ಬಗ್ಗೆ ಯಾರ ಬಳಿಯೂ ನಾನು ಬಾಯಿ ಬಿಡಲಿಲ್ಲ. ಹಿಂದಿರುಗಿ ಬಾಗಿಲು ತೆಗೆದಾಗ ಗೋಡೆ ಗಟ್ಟಿಯಾಗಿಯೇ ನಿಂತಿತ್ತು. ಒಳಗೆ ಮಾತ್ರ ಕೀಬೋರ್ಡ್‌ಗಳ ಮೇಲೆಲ್ಲ ಬಿಳಿ ಪೊರೆ ಬಂದಿತ್ತು. ಮೂರು ಹಾರ್ಡ್ ಡಿಸ್ಕ್‌ಗಳು ಆಮೇಲೆ ತಿರುಗಲೇ ಇಲ್ಲ. ನನ್ನ ಕೈ ತಲುಪದ ಯಂತ್ರವನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದೇನೆ ಎಂದರೂ ನಿಜದಲ್ಲಿ ಅದನ್ನು ನಿಧಾನವಾಗಿ ಕೊಲ್ಲುತ್ತಿದ್ದೇನೆ ಎಂದು ಅಂದು ಅರಿವಾಯಿತು. ಅಷ್ಟು ಗೊತ್ತಾದ ಮೇಲೂ ಒಂದನ್ನೂ ಕೊಡಲಾಗದೆ ಆರು ವರ್ಷ ಕಳೆದೆ.

ಆದ್ದರಿಂದ ಈ ಸಲ ಬೇರೆ ಕಡೆಯಿಂದ ಲೆಕ್ಕ ಹಾಕಿದೆ. ಹದಿನೈದು ದಿನಕ್ಕೊಮ್ಮೆ ಒಂದು ಬೆಳಗ್ಗೆ ಮಾತ್ರ ನಾನು ಕೊಡಬಲ್ಲೆ, ಅಂದರೆ ಮೂರು ಗಂಟೆ. ಅದರಲ್ಲಿ ನಾಲ್ಕು ಯಂತ್ರಗಳನ್ನು ನೋಡಿಕೊಳ್ಳಬಹುದು. ಗೋಡೆಯ ಅಳತೆಯೂ ಅಷ್ಟಕ್ಕೇ ಸರಿಹೋಗುತ್ತಿತ್ತು. ಉಳಿದ 34ಕ್ಕೆ ಒಂದೇ ಪ್ರಶ್ನೆ ಕೇಳಿಕೊಂಡೆ: ಯಾರ ಮನೆಗೆ ಹೋದರೆ ಇದು ಮುಂದಿನ ಮಳೆಗಾಲದಲ್ಲಿ ಆನ್ ಆಗುತ್ತದೆ?

ಕೊಡುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಬಹಳವಿತ್ತು. ನಿಮ್ಮಲ್ಲಿ ಯಾರ ಅಟ್ಟದಲ್ಲಾದರೂ ಹಳೆಯ ಕಂಪ್ಯೂಟರ್ ಇದ್ದರೆ ಇಂದೇ ಹೋಗಿ ಒಂದು ಕೆಲಸ ಮಾಡಿ: ಮುಚ್ಚಳ ಬಿಚ್ಚಿ ಬ್ಯಾಟರಿ ನೋಡಿ. 286, 386 ಎಂಬ ಹಳೆಯ ಪೀಳಿಗೆಯ ಪಿಸಿಗಳ ಮದರ್‌ಬೋರ್ಡಿನ ಮೇಲೆ ಕಿರುಬೆರಳಿನ ಗಾತ್ರದ, ಸಣ್ಣ ಪೀಪಾಯಿಯಂತಹ 3.6 ವೋಲ್ಟ್ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. ದಿನಾಂಕ ಮತ್ತು ಸೆಟಪ್ ನೆನಪಿಡುವುದು ಅದರ ಕೆಲಸ. ವಯಸ್ಸಾದಂತೆ ಅದು ಸೋರುತ್ತದೆ. ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದು ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ನಾನೇ ಬೇರೆಯವರಿಗೆ ಇಪ್ಪತ್ತು ವರ್ಷ ಇದನ್ನು ಹೇಳುತ್ತಾ ಬಂದಿದ್ದೆ. ಆದರೂ ನನ್ನ ಅಟ್ಟದಲ್ಲೇ ಐದು ಬೋರ್ಡ್‌ಗಳು ಹಾಗೆ ಹೋಗಿದ್ದವು. ಸೋರಿಕೆ ಕಡಿಮೆ ಇದ್ದವನ್ನು ಉಳಿಸಿಕೊಂಡೆ. ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ವಿನೆಗರ್ ಹಚ್ಚಿ ಕ್ಷಾರವನ್ನು ತಣಿಸಬೇಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಚೆನ್ನಾಗಿ ಒಣಗಿಸಬೇಕು. ವಿನೆಗರ್ ಇಲ್ಲದ ದಿನ ನಿಂಬೆರಸವೂ ಕೆಲಸ ಮಾಡಿದೆ.

ಎರಡನೆಯದು ಪವರ್ ಸಪ್ಲೈ. ಹಿಂದೆ ಶಾಲೆಗಳಲ್ಲಿದ್ದ ಬಿಬಿಸಿ ಮೈಕ್ರೋ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ, ಮೇನ್ಸ್ ಒಳಬರುವ ಜಾಗದಲ್ಲಿ, ಜೇನಿನ ಬಣ್ಣದ ಪಾರದರ್ಶಕ ಕವಚದ ರೀಫಾ ಕೆಪಾಸಿಟರ್‌ಗಳಿರುತ್ತವೆ. ಒಳಗಿರುವುದು ಲೋಹ ಲೇಪಿಸಿದ ಕಾಗದ. ವರ್ಷ ಕಳೆದಂತೆ ಕವಚದಲ್ಲಿ ಸಣ್ಣ ಬಿರುಕು ಮೂಡುತ್ತದೆ, ಕಾಗದ ಗಾಳಿಯ ತೇವವನ್ನು ಹೀರುತ್ತದೆ. ಒಂದು ದಿನ ಸ್ವಿಚ್ ಹಾಕಿದಾಗ ಅದು ಸಿಡಿದು ಕೋಣೆ ತುಂಬ ಹೊಗೆಯಾಗುತ್ತದೆ. ಆ ವಾಸನೆ ಪರದೆಯ ಬಟ್ಟೆಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಬೇರೆ ಊರಿನಲ್ಲೂ ಹೀಗಾಗುತ್ತದೆ, ನಮ್ಮ ತೇವದಲ್ಲಿ ಇನ್ನೂ ಬೇಗ. ಆದ್ದರಿಂದ ಕೊಡುವ ಮುಂಚೆ ಅವನ್ನೆಲ್ಲ ತೆಗೆದು ಈಗಿನ ಪಾಲಿಪ್ರೊಪೈಲೀನ್ ಕೆಪಾಸಿಟರ್ ಹಾಕಿದೆ. ಬಹಳ ದಿನ ಓಡಿಸದ ಯಂತ್ರವನ್ನು ನೇರವಾಗಿ ಪ್ಲಗ್‌ಗೆ ಸಿಕ್ಕಿಸಬೇಡಿ. ವೈರಿಂಗ್ ಮಾಡುವವರ ಬಳಿ ಸೀರೀಸ್ ಬಲ್ಬಿನ ಬೋರ್ಡ್ ಇರುತ್ತದಲ್ಲ, ಮೊದಲು ಅದರ ಮೂಲಕ ಕೊಡಿ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ ಎಂದು ಅರ್ಥ. ಇನ್ನೊಂದು, ಹಿಂಬದಿಯ ಗಾಳಿಕಿಂಡಿಯನ್ನು ನೋಡಿ. ನಮ್ಮಲ್ಲಿ ಕುಂಬಾರ ಹುಳುಗಳು ಅಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ. ಹಲ್ಲಿ ಒಳಗೆ ಹೋಗಿ ಸತ್ತದ್ದನ್ನೂ ಎಷ್ಟೋ ಸಲ ಕಂಡಿದ್ದೇನೆ.

ಮೂರನೆಯ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ಹಾರ್ಡ್ ಡಿಸ್ಕ್‌ಗಳಲ್ಲಿ ಏನಿದೆ ಎಂದು ನೋಡುವುದು. ಸೀಗೇಟ್ ಕಂಪನಿಯ ಎಸ್‌ಟಿ-225 ಎಂಬ 20 ಎಂಬಿ ಡಿಸ್ಕ್ ಆ ಕಾಲದಲ್ಲಿ ಎಲ್ಲೆಡೆ ಇತ್ತು. 20 ಎಂಬಿ ಎಂದರೆ ಇಂದು ನಿಮ್ಮ ಮೊಬೈಲಿನ ಕೆಲವು ಫೋಟೋಗಳು. ಅಂದು ಒಂದು ಸಹಕಾರ ಸಂಘದ ಎಲ್ಲ ಸದಸ್ಯರ ಸಾಲದ ಲೆಕ್ಕ ಅದರಲ್ಲಿ ಕೂರುತ್ತಿತ್ತು. ಅಂತಹದೊಂದು ಡಿಸ್ಕ್ ನನ್ನಲ್ಲಿ ಇನ್ನೂ ತಿರುಗುತ್ತಿತ್ತು. ತೆರೆದರೆ ಹೆಸರು, ಮನೆತನ, ಗಿರವಿ ಇಟ್ಟದ್ದು, ಕಟ್ಟಲಾಗದೆ ಉಳಿದದ್ದು ಎಲ್ಲವೂ ಇದ್ದವು. ಅದರಲ್ಲಿ ನನಗೆ ಪರಿಚಯವಿದ್ದವರ ಹೆಸರುಗಳೂ ಇದ್ದವು, ಅವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಹಳೆಯ ಯಂತ್ರವನ್ನು ‘ಇದ್ದ ಹಾಗೆಯೇ’ ಕಾಪಾಡಬೇಕು ಎನ್ನುವ ಸಂಗ್ರಾಹಕರಿದ್ದಾರೆ. ನಾನು ಒಪ್ಪುವುದಿಲ್ಲ. ಒಬ್ಬರ ಸಾಲದ ಲೆಕ್ಕ ನನ್ನ ಸಂಗ್ರಹದ ವಸ್ತುವಲ್ಲ. ಡಾಸ್ ಎಂಬ ಅಂದಿನ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಹಾರ್ಡ್ ಡಿಸ್ಕಿಗೆ ಬರೀ ಫಾರ್ಮ್ಯಾಟ್ ಕೊಟ್ಟರೆ ಮಾಹಿತಿ ನಿಜವಾಗಿ ಅಳಿಯುವುದಿಲ್ಲ, ಪಟ್ಟಿ ಮಾತ್ರ ಹೋಗುತ್ತದೆ. ಡಾಸ್ ಜೊತೆಗೇ ಬರುವ ಡಿಬಗ್ ಎಂಬ ಕಾರ್ಯಕ್ರಮ ತೆರೆದು ಸಿ800:5 ಎಂಬ ವಿಳಾಸಕ್ಕೆ ಹೋಗಿ, ಕಂಟ್ರೋಲರ್ ಕಾರ್ಡಿನೊಳಗೇ ಇರುವ ಫಾರ್ಮ್ಯಾಟ್ ಕಾರ್ಯಕ್ರಮವನ್ನು ಓಡಿಸಿ ಬುಡದಿಂದ ಅಳಿಸಿದೆ. ಒಟ್ಟು ಒಂಬತ್ತು ಡಿಸ್ಕ್‌ಗಳನ್ನು ಹೀಗೆ ಅಳಿಸಿದೆ. ತಿರುಗದೆ ನಿಂತವನ್ನು ಬಿಚ್ಚಿ ತಟ್ಟೆಗಳನ್ನು ಗೀಚಿ ಹಾಳು ಮಾಡಿದೆ.

ಹೀಗೆ ಅಳಿಸುತ್ತಿದ್ದ ದಿನಗಳಲ್ಲೇ ಕೈಗೆ ಸಿಕ್ಕಿದ್ದು ಮಳೆಯ ಫ್ಲಾಪಿಗಳು. ಅದರ ಕಥೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಮ್ಮ ತೋಟಗಳಿಗೆ ಕಂಪ್ಯೂಟರ್ ಹೇಗೆ ಬಂತು ಎಂದು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟವು, ಲೋಕದಲ್ಲೆಲ್ಲ ಬೆಲೆ ಏರಿತು. ಅದೇ ವರ್ಷಗಳಲ್ಲಿ ಇಲ್ಲಿ, ಬೆಳೆಯನ್ನು ಕಾಫಿ ಬೋರ್ಡಿಗೇ ಒಪ್ಪಿಸಬೇಕಿದ್ದ ಪೂಲಿಂಗ್ ಪದ್ಧತಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರೇ ಮಾರುವಂತಾಯಿತು. ಕೈಯಲ್ಲಿ ಹಣ ಬಂತು, ಲೆಕ್ಕವೂ ತಮ್ಮದೇ ಆಯಿತು. ತೋಟದ ಕಚೇರಿಗಳಿಗೆ 386, 486 ಕಂಪ್ಯೂಟರ್‌ಗಳನ್ನು ನಾನು ಜೀಪಿನಲ್ಲಿ ಹೊತ್ತು ಕೂರಿಸಿದ್ದು ಬಹುಪಾಲು ಆ ಎರಡು ಮೂರು ವರ್ಷಗಳಲ್ಲಿ. ಕೆಲಸಗಾರರ ಹಾಜರಿ, ಕೂಲಿ ಬರೆಯುವ ಚೆಕ್‌ರೋಲ್ ಪುಸ್ತಕ ಡಿಬೇಸ್ ಎಂಬ ತಂತ್ರಾಂಶಕ್ಕೆ ಹೋಯಿತು. ಸಂತೆಯ ಹಿಂದಿನ ದಿನದ ಬಟವಾಡೆಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರ್ರೆಂದು ಸದ್ದು ಮಾಡತೊಡಗಿತು. ನನ್ನ ಸಂಗ್ರಹದಲ್ಲಿ 286ರಿಂದ 486ರವರೆಗಿನ 14 ಯಂತ್ರಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಬ್ರೆಜಿಲ್‌ನ ಆ ಹಿಮದಿಂದ ಕೊಡಗಿಗೆ ಬಂದವು ಎಂದೇ ನಾನು ಹೇಳುತ್ತೇನೆ.

ಅದಕ್ಕೂ ಮುಂಚೆಯೇ, 1991ರಲ್ಲಿ, ಸಿದ್ದಾಪುರದ ಕಡೆಯ ಒಂದು ತೋಟದವರು 286ಕ್ಕಿಂತ ಹಿಂದಿನ ಪಿಸಿ ಎಕ್ಸ್‌ಟಿ ಮಾದರಿಯ ಕಂಪ್ಯೂಟರ್ ಕೊಂಡಿದ್ದರು. ಅಲ್ಲಿನ ರೈಟರ್, ಅಂದರೆ ತೋಟದ ಗುಮಾಸ್ತ, ಶಿಸ್ತಿನ ಮನುಷ್ಯ. ಬೆಳಗ್ಗೆ ಎಂಟಕ್ಕೆ ಮಳೆಮಾಪಕ ನೋಡಿ, ಇಂಚು ಮತ್ತು ಸೆಂಟುಗಳಲ್ಲಿ (ಒಂದು ಸೆಂಟು ಎಂದರೆ ಇಂಚಿನ ನೂರನೆಯ ಒಂದು ಪಾಲು) ರಿಜಿಸ್ಟರ್‌ಗೆ ಬರೆದು, ಸಂಜೆ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶದಲ್ಲೂ ತುಂಬುತ್ತಿದ್ದರು. ಕಾಗದದ ರಿಜಿಸ್ಟರ್‌ಗಳನ್ನು ಗೆದ್ದಲು ತಿಂದಿತು. ಫ್ಲಾಪಿಗಳು ಕಂಪ್ಯೂಟರಿನ ಜೊತೆಯಲ್ಲೇ ನನ್ನ ಮನೆಗೆ ಬಂದಿದ್ದವು. 360 ಕೆಬಿಯ, ಐದೂಕಾಲು ಇಂಚಿನ 14 ಫ್ಲಾಪಿಗಳು. ಎಲ್ಲದರ ಮೇಲೂ ಬೂಷ್ಟು.

ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಡ್ರೈವಿಗೆ ಹಾಕಬಾರದು. ಡ್ರೈವಿನ ಓದುವ ಭಾಗವಾದ ಹೆಡ್ ಅದನ್ನು ಉಜ್ಜಿ ಲೇಪವನ್ನೇ ಕಿತ್ತುಬಿಡುತ್ತದೆ. ಆ ಕೊಳೆ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಹಾಳು ಮಾಡುತ್ತದೆ. ಕವಚದ ಒಂದು ಅಂಚನ್ನು ಬ್ಲೇಡಿನಿಂದ ಬಿಡಿಸಿ, ಒಳಗಿನ ಕಂದು ತಟ್ಟೆಯನ್ನು ಹೊರತೆಗೆಯಬೇಕು. ಹೂವಿನ ದಳದಷ್ಟು ತೆಳ್ಳಗಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ಹನಿ ಸೌಮ್ಯ ಸಾಬೂನು ಹಾಕಿ, ಬೆರಳ ತುದಿಯಿಂದ ಸವರಿ ತೊಳೆಯಬೇಕು. ಕೊನೆಗೆ ಶುದ್ಧ ನೀರಿನಲ್ಲಿ ಅದ್ದಿ, ನೂಲು ಬಿಡದ ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಬೇರೊಂದು ಒಳ್ಳೆಯ ಫ್ಲಾಪಿಯ ಖಾಲಿ ಕವಚದಲ್ಲಿ ಕೂರಿಸಿ ಓದಿಸಬೇಕು. ನಾನು ಇದನ್ನು ಜನವರಿಯಲ್ಲಿ ಮಾಡಿದೆ. ಬಿಸಿಲಿರುವ, ಗಾಳಿ ಒಣಗಿರುವ ತಿಂಗಳು ಅದೇ. ನನ್ನ ಹೆಂಡತಿ ಕಿಟಕಿಯ ಪಕ್ಕ ಹಳೆಯ ಪಂಚೆ ಹಾಸಿಕೊಟ್ಟಳು. ಹಪ್ಪಳದ ಹಾಗೆ ಹದಿನಾಲ್ಕು ತಟ್ಟೆಗಳನ್ನು ಅದರ ಮೇಲೆ ಸಾಲಾಗಿ ಇಟ್ಟೆವು.

ಓದಿಸಲು ನಾನು ಬಳಸಿದ್ದು ಒಂದು ಪೆಂಟಿಯಂ ಕಂಪ್ಯೂಟರ್. ಐದೂಕಾಲು ಇಂಚು ಮತ್ತು ಮೂರೂವರೆ ಇಂಚಿನ ಎರಡೂ ಡ್ರೈವುಗಳು ಅದರಲ್ಲಿವೆ. ನೆಟ್‌ವರ್ಕ್ ಕಾರ್ಡೂ ಇರುವುದರಿಂದ ಓದಿದ್ದನ್ನು ಇಂದಿನ ಕಂಪ್ಯೂಟರಿಗೆ ಕಳುಹಿಸಬಹುದು. ಇದನ್ನು ನಾನು ಸೇತುವೆ ಎಂದು ಕರೆಯುತ್ತೇನೆ. ನೋಡಲು ಅದರಲ್ಲಿ ಏನೂ ವಿಶೇಷವಿಲ್ಲ, ಯಾವ ಸಂಗ್ರಾಹಕನೂ ಹಣ ಕೊಡುವುದಿಲ್ಲ, ಗುಜರಿಯವರು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಆದರೆ ನಾಲ್ಕರಲ್ಲಿ ಮೊದಲನೆಯ ಜಾಗ ಅದಕ್ಕೇ. ಅದು ಓದಲಾಗದ್ದನ್ನು ಗ್ರೀಸ್‌ವೀಝಲ್ ಎಂಬ ಸಣ್ಣ ಬೋರ್ಡ್ ಓದುತ್ತದೆ. ಅದು ಫೈಲುಗಳನ್ನು ಹುಡುಕುವುದಿಲ್ಲ, ತಟ್ಟೆಯ ಮೇಲೆ ಕಾಂತತ್ವ ಎಲ್ಲೆಲ್ಲಿ ಬದಲಾಗುತ್ತದೆ ಎಂಬುದನ್ನಷ್ಟೇ ಬರೆದುಕೊಂಡು ಯುಎಸ್‌ಬಿ ಮೂಲಕ ಕೊಡುತ್ತದೆ. ಅಕ್ಷರವನ್ನು ಆಮೇಲೆ ತಂತ್ರಾಂಶ ಬಿಡಿಸುತ್ತದೆ.

14ರಲ್ಲಿ 11 ಓದಲು ಬಂದವು. ಲೋಟಸ್‌ನ ಆ ಫೈಲುಗಳನ್ನು ಇಂದಿನ ಲಿಬ್ರೆಆಫೀಸ್ ಹಾಗೆಯೇ ತೆರೆಯಿತು. ಅಚ್ಚು ಹಾಕಿಸಿ ಆ ಮನೆಗೆ ತೆಗೆದುಕೊಂಡು ಹೋದೆ. ತೋಟವನ್ನು ಈಗ ನೋಡಿಕೊಳ್ಳುತ್ತಿರುವವರು ಎಂಬತ್ತು ಸಮೀಪಿಸುತ್ತಿರುವ ಮನೆಯ ಯಜಮಾನಿ. ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ‘ಬಹಳ ಒಳ್ಳೆಯದಾಯಿತು. ಆದರೆ ನನಗೆ ಹೂಮಳೆ ಬಂದ ದಿನಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಮಾಡಿಕೊಡುತ್ತೀರಾ?’ ಎಂದು ಕೇಳಿದರು. ರೊಬಸ್ಟಾಕ್ಕೆ ಹೂ ಅರಳಿಸುವ ಈ ಮಳೆ ಸಕಾಲಕ್ಕೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಡೀಸೆಲ್ ಸುಡಬೇಕು, ಕೆರೆಯ ನೀರು ನೋಡಿಕೊಳ್ಳಬೇಕು. ಎಷ್ಟು ದಿನ ಕಾಯಬಹುದು ಎಂದು ತೀರ್ಮಾನಿಸಲು ಆ ಹಳೆಯ ದಿನಾಂಕಗಳು ಅವರಿಗೆ ಬೇಕಾಗಿದ್ದವು. ಅಲ್ಲಿಯೇ ಕುಳಿತು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಟ್ಟೆವು. ಹೊರಡುವಾಗ, ‘ಅಮ್ಮ, ಆ ಕಂಪ್ಯೂಟರ್ ನಿಮಗೆ ಬೇಕೇ?’ ಎಂದು ಕೇಳಿದೆ. ‘ನನ್ನಲ್ಲಿ ಜಾಗವಿದೆ, ಆದರೆ ನೋಡಿಕೊಳ್ಳುವವರಿಲ್ಲ. ನೀವೇ ಒಳ್ಳೆಯ ಕಡೆ ಕೊಡಿ’ ಎಂದರು. ಅವರ ಮಾತು ನನ್ನ ಲೆಕ್ಕಕ್ಕೆ ಸರಿಯಾಗಿ ಹೊಂದಿತ್ತು.

ಇನ್ನು ಬಿಬಿಸಿ ಮೈಕ್ರೋಗಳ ವಿಷಯ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ತಂದ ಯಂತ್ರ. 6502 ಪ್ರೊಸೆಸರ್, 2 ಮೆಗಾಹರ್ಟ್ಸ್ ವೇಗ, ಮಾಡೆಲ್ ಬಿಯಲ್ಲಿ 32 ಕೆಬಿ ಸ್ಮರಣೆ. 1984-85ರಲ್ಲಿ ಭಾರತ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕಲಿಸಲು ‘ಕ್ಲಾಸ್’ ಎಂಬ ಯೋಜನೆ ಆರಂಭಿಸಿದಾಗ ಆರಿಸಿಕೊಂಡದ್ದು ಇದನ್ನೇ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಇಲ್ಲಿಯೂ ತಯಾರಿಸಿತು. ಸ್ವಿಚ್ ಹಾಕಿದ ಕೂಡಲೇ ಎರಡು ಸ್ವರದ ಬೀಪ್, ಪರದೆಯ ಮೇಲೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರಿನ ಸಾಲು. ಕಾಯುವ ಮಾತೇ ಇಲ್ಲ. ಮಕ್ಕಳಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಯಂತ್ರವನ್ನು ನಾನು ಇಂದಿಗೂ ಕಂಡಿಲ್ಲ.

1990ರ ಸುಮಾರಿಗೆ ನಾನು ರಿಪೇರಿಗೆ ಹೋಗುತ್ತಿದ್ದ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರೊಬ್ಬರು ಅದರಲ್ಲಿ ಕನ್ನಡ ಬರೆಸುತ್ತಿದ್ದರು. ವಿಡಿಯು 23, 240 ಎಂದು ಬರೆದು ಮುಂದೆ ಎಂಟು ಸಂಖ್ಯೆಗಳನ್ನು ಕೊಟ್ಟರೆ 240ನೆಯ ಅಕ್ಷರದ ರೂಪ ನಾವು ಹೇಳಿದಂತೆ ಬದಲಾಗುತ್ತದೆ. ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ. ಆನ್ ಆದಾಗ ಪರದೆ ಇರುವ ಮೋಡ್ 7ರಲ್ಲಿ ಇದು ನಡೆಯುವುದಿಲ್ಲ, ಮೋಡ್ 4ಕ್ಕೋ 1ಕ್ಕೋ ಬರಬೇಕು. ಮಕ್ಕಳು ಗ್ರಾಫ್ ಹಾಳೆಯ ಮೇಲೆ ಚೌಕಗಳಿಗೆ ಬಣ್ಣ ತುಂಬಿ, ಪ್ರತಿ ಸಾಲನ್ನೂ ಎರಡರ ಘಾತಗಳಲ್ಲಿ ಕೂಡಿ ಸಂಖ್ಯೆ ಮಾಡುತ್ತಿದ್ದರು. ‘ರ’, ‘ಠ’, ‘ಗ’ ಎಂಟು-ಎಂಟು ಚುಕ್ಕೆಯ ಒಂದು ಚೌಕದಲ್ಲಿ ಕೂರುತ್ತವೆ. ‘ಣ’ ಬರೆಯಲು ಹೋದರೆ ಜಾಗ ಸಾಲದು, ಎರಡು ಚೌಕ ಬೇಕು. ‘ಕ್ಷ್ಮೀ’ ಬಂದರೆ ಮೇಲೆ ಕೆಳಗೆ ನಾಲ್ಕು. ನಮ್ಮ ಲಿಪಿ ಎಷ್ಟು ಅಗಲ, ಎಷ್ಟು ಆಳ ಎಂಬುದು ಆ ಮಕ್ಕಳಿಗೆ ಬೆರಳ ತುದಿಯಲ್ಲೇ ಗೊತ್ತಾಯಿತು. ಆ ಪಾಠದ ಫ್ಲಾಪಿ ನನ್ನಲ್ಲಿತ್ತು. ಬಿಬಿಸಿಯ ಫ್ಲಾಪಿಗಳಲ್ಲಿ ಬರೆಯುವ ವಿಧಾನ ಬೇರೆಯಾದ್ದರಿಂದ ಸಾಮಾನ್ಯ ಪಿಸಿಗಳು ಅವನ್ನು ಓದುವುದು ಅಪರೂಪ. ಗ್ರೀಸ್‌ವೀಝಲ್‌ನಿಂದ ತೆಗೆದೆ.

ನಾಲ್ಕು ಬಿಬಿಸಿಗಳಲ್ಲಿ ಎರಡನ್ನು, ಬಿಡಿಭಾಗಗಳಿಗೆಂದು ಮೂರನೆಯದನ್ನು, ದಕ್ಷಿಣ ಕೊಡಗಿನ ಒಂದು ಶಾಲೆಯ ಶಿಕ್ಷಕಿಗೆ ಕೊಟ್ಟೆ. ಕೊಡುವ ಮುಂಚೆ ಅವರನ್ನು ಮೂರು ಭಾನುವಾರ ಮನೆಗೆ ಕರೆದು ಬಿಚ್ಚುವುದು, ಜೋಡಿಸುವುದು, ಕೀಲಿಗಳ ಕೆಳಗೆ ಒರೆಸುವುದು ಕಲಿಸಿದೆ. ಪ್ರತಿ ಯಂತ್ರದ ಜೊತೆಗೂ ಒಂದು ನೋಟ್‌ಪುಸ್ತಕ ಹೋಯಿತು: ಎಲ್ಲಿಂದ ಬಂತು, ಏನು ಕೆಟ್ಟಿತ್ತು, ಯಾವ ಕೆಪಾಸಿಟರ್ ಬದಲಿಸಿದೆ, ಕೊನೆಯ ಸಲ ಯಾವಾಗ ಆನ್ ಆಯಿತು. ಕೊಟ್ಟ 34ರಲ್ಲಿ ಚಾಲೂ ಇದ್ದ ಎಲ್ಲಕ್ಕೂ ಇಂತಹ ಪುಸ್ತಕ ಬರೆದೆ. ಬರೆಯಲು ಹಿಡಿದ ಸಮಯವೇ ಹೆಚ್ಚು. ಎಷ್ಟೋ ವಿಷಯ ನನ್ನ ತಲೆಯಲ್ಲಿ ಮಾತ್ರ ಇತ್ತು, ಕೆಲವು ಅಲ್ಲೂ ಮಾಸಿಹೋಗಿತ್ತು. ಹತ್ತು ವರ್ಷ ಮುಂಚೆ ಬರೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಸಿಂಕ್ಲೇರ್ ಸ್ಪೆಕ್ಟ್ರಂ ಎಂಬ ಮನೆಬಳಕೆಯ ಸಣ್ಣ ಕಂಪ್ಯೂಟರ್ ಎರಡಿದ್ದವು, ಅವು ಮೈಸೂರಿನ ಯುವಕನೊಬ್ಬನ ಕೈ ಸೇರಿದವು. ಪ್ರಿಂಟರ್‌ಗಳು ಎಲ್ಲಕ್ಕಿಂತ ಬೇಗ ಹೋದವು. ಕಾರ್ಬನ್ ಪ್ರತಿ ಬೇಕಾದವರಿಗೆ ಡಾಟ್ ಮ್ಯಾಟ್ರಿಕ್ಸ್ ಇಂದಿಗೂ ಬೇಕು. ಎಕ್ಸ್‌ಟಿಗಳು 11 ಇದ್ದವು, ಅವುಗಳಲ್ಲಿ ಎಂಟನ್ನು ಬಿಚ್ಚಿ ಒಳ್ಳೆಯ ಭಾಗಗಳನ್ನು ಕೂಡಿಸಿ ಮೂರು ಗಟ್ಟಿ ಯಂತ್ರಗಳನ್ನು ಮಾಡಿದೆ. ಇದನ್ನು ಕೇಳಿ ಕೆಲವರು ಬೇಸರಪಟ್ಟರು. ಪ್ರತಿಯೊಂದೂ ಇತಿಹಾಸ, ಬಿಚ್ಚಬಾರದಿತ್ತು ಎಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಓಡದ ಎಂಟಕ್ಕಿಂತ ಓಡುವ ಮೂರು ನನಗೆ ಹೆಚ್ಚು.

ಆ ಹನ್ನೊಂದರಲ್ಲಿ ಒಂದನ್ನು ಮಾತ್ರ ಬಿಚ್ಚಲಿಲ್ಲ, ಯಾರಿಗೂ ಕೊಡಲಿಲ್ಲ. ಒಂದು ಸರ್ಕಾರಿ ಕಚೇರಿಯಿಂದ ಬಂದ ಎಕ್ಸ್‌ಟಿ ಅದು. ಒಳಗೆ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡ್ ಇದೆ. ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ತಿಳಿಯದ ಡಾಸ್ ಯಂತ್ರದಲ್ಲಿ, ಇದೊಂದು ಕಾರ್ಡ್ ಸಿಕ್ಕಿಸಿದರೆ ವರ್ಡ್‌ಸ್ಟಾರ್, ಡಿಬೇಸ್‌ನಂತಹ ಕಾರ್ಯಕ್ರಮಗಳಲ್ಲೂ ಕನ್ನಡ ಬರುತ್ತಿತ್ತು. ಕೀಲಿಗಳ ಮೇಲೆ, ಭಾರತೀಯ ಲಿಪಿಗಳಿಗೆಂದು ಮಾಡಿದ ಇನ್‌ಸ್ಕ್ರಿಪ್ಟ್ ವಿನ್ಯಾಸದ ಚೀಟಿಗಳು ಈಗಲೂ ಅಂಟಿಕೊಂಡಿವೆ. ‘ಾ’ ಕಾರದ ಚೀಟಿ ಬೆರಳು ತಾಗಿ ತಾಗಿ ಪೂರ್ತಿ ಬಿಳಿಯಾಗಿದೆ. ಅದರಲ್ಲಿ ಅಕ್ಷರಗಳು ಇಸ್ಕಿ ಎಂಬ, ಭಾರತೀಯ ಲಿಪಿಗಳ ಸಂಕೇತದಲ್ಲಿರುತ್ತವೆ. ಇಂದು ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತದ ಕನ್ನಡ ವಿಭಾಗದ ಜೋಡಣೆಗೆ ಇಸ್ಕಿಯೇ ಆಧಾರ. ಆದ್ದರಿಂದ ಆ ಫೈಲುಗಳನ್ನು ಇಂದಿನ ಕನ್ನಡಕ್ಕೆ ತಿರುಗಿಸುವುದು ಕಷ್ಟವಲ್ಲ. ಇಂದು ನೀವು ಮೊಬೈಲಿನಲ್ಲಿ ಕನ್ನಡದಲ್ಲಿ ಸಂದೇಶ ಕಳುಹಿಸುವಾಗ ಅದರ ಹಿಂದೆ ಈ ದಾರಿಯೆಲ್ಲ ಇದೆ. ಸೇಡಿಯಾಪು ಎಂಬ ಕನ್ನಡ ಬರಹದ ತಂತ್ರಾಂಶ ಮಾಡಿದ, ನಾವು ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರಂಥವರ ದುಡಿಮೆ ಇದೆ. ಈ ಯಂತ್ರ ನನ್ನ ಗೋಡೆಯಲ್ಲಿ ಎರಡನೆಯದು. ಮೂರನೆಯದು ಒಂದು ಬಿಬಿಸಿ, ನಾಲ್ಕನೆಯದು ಚೆಕ್‌ರೋಲ್ ಬರೆಯುತ್ತಿದ್ದ ಒಂದು 486.

ಮಾನಿಟರ್‌ಗಳ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. ಗುಜರಿಗೆ ಹಾಕಿದರೆ ಕೊರಳಿನ ಬಳಿಯಿರುವ ತಾಮ್ರದ ಸುರುಳಿಗಾಗಿ ಟ್ಯೂಬನ್ನು ಒಡೆದು ಗಾಜನ್ನು ಎಲ್ಲೋ ಸುರಿಯುತ್ತಾರೆ. ನಮ್ಮಲ್ಲಿ ಎಲ್ಲೋ ಎಂದರೆ ತೋಡಿನ ಬದಿ, ತೋಡು ಸೇರುವುದು ಕಾವೇರಿಗೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಇವನ್ನು ಕೊಡಬೇಕು. 17 ಸತ್ತ ಮಾನಿಟರ್‌ಗಳನ್ನೂ ಬ್ಯಾಟರಿ ತಿಂದ ಬೋರ್ಡ್‌ಗಳನ್ನೂ ಹಾಗೆ ಕಳುಹಿಸಿದೆ. ಹಣವೇನೂ ಬರಲಿಲ್ಲ, ಪಿಕಪ್ ಬಾಡಿಗೆ ನಾನೇ ಕೊಟ್ಟೆ. ಮೊದಲೊಮ್ಮೆ, 1999ರಲ್ಲಿ, ಇದೆಲ್ಲ ತಿಳಿಯದೆ ಆರು ಮಾನಿಟರ್‌ಗಳನ್ನು ಗುಜರಿಗೆ ಹಾಕಿದ್ದೆ. ಆ ಗಾಜು ಎಲ್ಲಿ ಹೋಯಿತೋ ಎಂದು ಈಗಲೂ ಯೋಚಿಸುತ್ತೇನೆ. ಟ್ಯೂಬಿನಲ್ಲಿ ಸ್ವಿಚ್ ಆರಿಸಿದ ಮೇಲೂ ಸಾವಿರಾರು ವೋಲ್ಟ್ ನಿಂತಿರಬಹುದು. ತಿಳಿಯದವರು ಒಳಗೆ ಕೈ ಹಾಕಲೇಬಾರದು.

ಸಾಗಿಸುವಾಗಿನ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ರಸ್ತೆಯ ತಿರುವು, ಹೊಂಡಗಳಲ್ಲಿ ಹಳೆಯ ಹಾರ್ಡ್ ಡಿಸ್ಕ್ ಬದುಕಬೇಕಾದರೆ ಹೊರಡುವ ಮುಂಚೆ ಪಾರ್ಕ್ ಕಮಾಂಡ್ ಕೊಡಬೇಕು. ಎಸ್‌ಟಿ-225ರಂತಹವು ತಾವಾಗಿ ಹೆಡ್ಡನ್ನು ಬದಿಗೆ ಒಯ್ಯುವುದಿಲ್ಲ. ಐದೂಕಾಲು ಇಂಚಿನ ಡ್ರೈವಿನ ಬಾಯಿಗೆ ರಟ್ಟಿನ ತುಂಡು ಹಾಕಿ ಮುಚ್ಚಬೇಕು. ಮಾನಿಟರನ್ನು ಕಂಬಳಿಯ ಮೇಲೆ ಪರದೆ ಕೆಳಗಾಗಿ ಇಡಬೇಕು, ಭಾರವೆಲ್ಲ ಇರುವುದು ಮುಂಭಾಗದಲ್ಲಿ. ಭತ್ತದ ಹುಲ್ಲು, ಗೋಣಿಚೀಲ ಬೇಡ, ತೇವ ಮತ್ತು ಹುಳು ಎರಡೂ ಅದರೊಡನೆ ಬರುತ್ತವೆ. ಫ್ಲಾಪಿ ಪೆಟ್ಟಿಗೆಗಳನ್ನು ನಾನು ಬುಡದಲ್ಲಿ ಸಣ್ಣ ಬಲ್ಬ್ ಉರಿಯುವ ಮರದ ಬೀರುವಿನಲ್ಲಿ ಇಡುತ್ತಿದ್ದೆ. ಕುಶಾಲನಗರದಲ್ಲಿ ಮಳೆ ಕಡಿಮೆ, ಆದರೂ ಬೀರು ಮತ್ತು ಬಲ್ಬು ಎರಡೂ ಜೊತೆಗೆ ಬರುತ್ತಿವೆ.

ಇನ್ನೂ ವಿಂಗಡಿಸದೆ ಉಳಿದಿರುವುದು 60 ಫ್ಲಾಪಿಗಳು. ಹೆಚ್ಚಿನವುಗಳ ಚೀಟಿ ಅಳಿಸಿಹೋಗಿದೆ. ಕೆಲವುಗಳ ಮೇಲೆ ‘ಮೆಣಸು 97’, ‘ಲೈನ್ ಮನೆ’, ‘ಕಿತ್ತಳೆ ಲೆಕ್ಕ’ ಎಂದಷ್ಟೇ ಇದೆ. ಅವನ್ನು ತಂದಿದ್ದೇನೆ, ಅಗೋ ಆ ಮೇಜಿನ ಮೇಲಿವೆ. ಚಹಾ ಕುಡಿಯುವಾಗ ಒಮ್ಮೆ ನೋಡಿ. ಕೈಬರಹ ನಿಮ್ಮ ಮನೆಯವರದ್ದು ಎನಿಸಿದರೆ ನನಗೆ ಹೇಳಿ, ತೊಳೆದು ಓದಿಸಿ ಕೊಡುತ್ತೇನೆ. ಹೂಮಳೆ ಬರುವವರೆಗೆ ಗಾಳಿ ಒಣಗಿರುತ್ತದೆ, ಒಂದು ತಿಂಗಳು ಸಮಯವಿದೆ.